ಲೀವಾಸ್ ಒರತೆ

ನಿಕರಾಗುವದ ಪೂರ್ವ ಕರಾವಳಿಯಲ್ಲಿ, ಹೊಳೆ ದಾಟಿ ಅರ್ಧ ಗಂಟೆ ಕಾಡಿನೊಳಗೆ ನಡೆದರೆ ಲೀವಾಸ್ ಎಂಬ ಒರತೆ ಸಿಗುತ್ತದೆ. ಮಿಸ್ಕಿತೊ ಜನರ ಮಾತಿನಲ್ಲಿ ‘ಲೀ’ ಎಂದರೆ ನೀರು. ಮಾಯಂಗ್ನ ಜನರ ಮಾತಿನಲ್ಲಿ ‘ವಾಸ್’ ಎಂದರೂ ನೀರೇ. ನೀರಿಗೆ ‘ನೀರುನೀರು’ ಎಂದು ಹೆಸರಿಟ್ಟವರು ಎಂಥ ಪೆದ್ದರೋ ಎಂದು ಹೊರಗಿನವರು ನಗುತ್ತಾರೆ. ಊರಿನವರಿಗೆ ನಗು ಬರುವುದಿಲ್ಲ. ಇಲ್ಲಿ ಒಂದೇ ಮನೆಯಲ್ಲಿ ತಾಯಿ ಮಾಯಂಗ್ನ, ತಂದೆ ಮಿಸ್ಕಿತೊ, ಅಜ್ಜ ಆಫ್ರಿಕದ ಮೂಲದವನು, ಸೊಸೆ ಸ್ಪ್ಯಾನಿಷ್ ಮಾತಿನ ಮಿಶ್ರ ಕುಲದವಳು. ಆದರೂ ಜನಗಣತಿಯವರು ಬಂದು “ನೀವು ಯಾವ ಜನ?” ಎಂದರೆ ಮುದುಕಿಯರು ಬಾಗಿಲು ಎಳೆದುಕೊಳ್ಳುತ್ತಾರೆ. ಹಿಂದೆ ಒಮ್ಮೆ ಈ ಒರತೆಯ ಬಳಿ ಅದೇ ಪ್ರಶ್ನೆಯನ್ನು ಬೇರೆಯವರು ಕೇಳಿದ್ದರು.

ಅದು ಮನುಷ್ಯರನ್ನು ಹಿಡಿದು ಹಡಗಿಗೆ ಮಾರುತ್ತಿದ್ದವರ ಕಾಲ ಎನ್ನುತ್ತಾರೆ. ಕರಾವಳಿಯ ಮಿಸ್ಕಿತೊಗಳ ಕೈಯಲ್ಲಿ ಬಂದೂಕಿತ್ತು, ಅವರನ್ನು ಮುಟ್ಟಲು ಹೆದರಿಕೆ. ಮೇಲ್ಕಾಡಿನ ಮಾಯಂಗ್ನರು ಸಿಕ್ಕರೆ ಬಿಡುತ್ತಿರಲಿಲ್ಲ. ಮುಖ ನೋಡಿದರೆ ಗುರುತು ಸಿಗದು. ಹಾಗಾಗಿ ಯಾವ ಮಾತು ಆಡುತ್ತಾರೆಂದು ತಿಳಿಯಲು ಬಾಯಿ ಬಿಡಿಸುತ್ತಿದ್ದರು. ಕಾತಿ ಎಂಬ ಎಂಟು ವರ್ಷದ ಹುಡುಗಿಯ ತಂದೆ ಮಿಸ್ಕಿತೊ, ತಾಯಿ ಮಾಯಂಗ್ನ. ತಂದೆ ಆಮೆ ಹಿಡಿಯಲು ಕಡಲಿಗೆ ಹೋಗಿದ್ದಾಗ, ಜ್ವರ ಏರಿದ ತಾಯಿ ಒರತೆಯ ದಂಡೆಯಲ್ಲೇ ಕುಸಿದಳು. ಆ ಹೊತ್ತಿಗೆ ಸರಿಯಾಗಿ ಹೊಳೆಯ ಕಡೆಯಿಂದ ಹಗ್ಗ ಹಿಡಿದ ಐವರು ಬಂದು ನಿಂತರು. ಯಾವ ಜನ ಎಂದಾಗ ಕಾತಿ, ತಾಯಿ ಕಲಿಸಿದ್ದಂತೆ, ಮಿಸ್ಕಿತೊ ಎಂದಳು. ಆದರೆ ಜ್ವರಕ್ಕೆ ಎಚ್ಚರಿಕೆ ಎಲ್ಲಿಯದು? ತಾಯಿ ಕಣ್ಣು ಮುಚ್ಚಿಕೊಂಡೇ “ವಾಸ್... ವಾಸ್...” ಎಂದು ನರಳಿದಳು.

ಕಾತಿ ತಾಯಿಗೆ ಅಡ್ಡ ನಿಂತಳು. “ಅವ್ವ ನೀರು ಕೇಳ್ತಿಲ್ಲ, ಈ ಒರತೆ ಹೆಸರು ಹೇಳ್ತಿದಾಳೆ. ಲೀವಾಸ್ ಅಂತ. ಜ್ವರಕ್ಕೆ ಪೂರ್ತಿ ಹೇಳೋಕಾಗ್ತಿಲ್ಲ,” ಎಂದಳು. ಅವರ ಮುಖಂಡ ನಂಬಲಿಲ್ಲ. ತಾಯಿಯ ಕೊರಳಿಗೆ ಕುಣಿಕೆ ಹಾಕಿ, ಯಾರಾದರೂ ಬರಲಿ ಎಂದು ಕಾದು ಕೂತ. ಬಂದವನು ಮರ ಕಡಿಯುವ ಕುಜೊ. ಹಿಂದೊಮ್ಮೆ ಹಡಗಿನಿಂದ ತಪ್ಪಿಸಿಕೊಂಡು ಬಂದು, ಈಗ ಮಿಸ್ಕಿತೊಗಳ ಆಸರೆಯಲ್ಲಿದ್ದ ಕಪ್ಪು ಮನುಷ್ಯ.

“ಈ ಒರತೆ ಹೆಸರು ಲೀವಾಸ್ ಅಂತಾಳೆ ಈ ಹುಡುಗಿ. ಹೌದೇನೋ?”

ಕುಜೊ ಅಂಥ ಹೆಸರನ್ನೇ ಕೇಳಿರಲಿಲ್ಲ. ಅವನು ಕುಣಿಕೆಯನ್ನು ನೋಡಿದ. ಅಂಥದ್ದರ ಗಾಯದ ಕಲೆ ಅವನ ಕೊರಳಲ್ಲೂ ಇತ್ತು. ಓಡಿಬಿಡಬೇಕು ಎನಿಸಿತಂತೆ. “ಹೌದು. ನಮ್ಮಜ್ಜನ ಕಾಲದಿಂದ್ಲೂ ಅದೇ ಹೆಸರು,” ಎಂದ. ಅವನ ಅಜ್ಜ ಕಡಲಾಚೆ ಯಾವ ಮಣ್ಣಿನಲ್ಲಿದ್ದನೋ, ಅವನಿಗೇ ಗೊತ್ತಿರಲಿಲ್ಲ.

ನಾಳೆ ಊರಿನಲ್ಲೂ ವಿಚಾರಿಸುತ್ತೇನೆ ಎಂದು ಮುಖಂಡ ಕುಣಿಕೆ ಬಿಚ್ಚಿದ. ಸಂಜೆಯೊಳಗೆ ಕಾತಿಯೂ ಕುಜೊನೂ ಮನೆಮನೆಗೆ ಓಡಿದರು. ಮಾತು ಕಲಿಯುವ ಕೂಸಿನಿಂದ ಹಿಡಿದು ಹಲ್ಲಿಲ್ಲದ ಮುದುಕರವರೆಗೆ ಎಲ್ಲರೂ ಹೊಸ ಹೆಸರನ್ನು ಬಾಯಿಪಾಠ ಮಾಡಿದರು. ಮರುದಿನ ಒಬ್ಬರೂ ತಪ್ಪಲಿಲ್ಲ. ತಾಯಿ ಉಳಿದಳು, ಆದರೆ ಸಾಯುವವರೆಗೂ ಬಾಯಿಬಿಟ್ಟು ನೀರು ಕೇಳಲಿಲ್ಲ, ಕೈಸನ್ನೆ ಮಾಡುತ್ತಿದ್ದಳು ಎನ್ನುತ್ತಾರೆ.

ಈಗ ಹೋದರೆ ದಂಡೆಯಲ್ಲಿ ಪಾಚಿ ಹಿಡಿದ ಚಪ್ಪಡಿ, ಕೊಂಬೆಗೆ ತೂಗುಹಾಕಿದ ಸೋರೆಬುರುಡೆ ಕಾಣುತ್ತವೆ. ನೀರಿಗೆ ಬಂದ ಹೆಂಗಸರು ಮೊದಲು ಒರತೆಯ ಪೂರ್ತಿ ಹೆಸರು ಹೇಳಿ ಬುರುಡೆ ಮುಳುಗಿಸುತ್ತಾರೆ. ಬಾಯಾರಿದ ಮಗು ಅವಸರದಲ್ಲಿ ಬರೀ “ವಾಸ್” ಎಂದರೆ, ಅಜ್ಜಿ ಅದರ ಬಾಯಿಗೆ ಕೈ ಅಡ್ಡ ಹಿಡಿದು ಹೊಳೆಯ ಕಡೆ ತಿರುಗಿ ನೋಡುತ್ತಾಳೆ.