ಹನಿಯೂ ಸೋರದ ಬಿರಡೆ

ಮಕ್ಕಳೇ, ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಓಣಿಗೆ ನೀರು ಬಿಡುತ್ತಿದ್ದ ಶಾಂತವೀರಪ್ಪನವರು; ವಾಲ್ವ್ ತಿರುಗಿಸುತ್ತಲೇ ಹೇಳಿದರು.

ಕಾಡಿನ ನಡುವೆ ಒಂದು ಕೊಳ. ಅದರ ದಂಡೆಯಲ್ಲಿ ಕಲ್ಲಿನ ತೂಬು, ತೂಬಿಗೊಂದು ಬಿರಡೆ. ಬೇಸಿಗೆಯಲ್ಲಿ ಬಿರಡೆ ಹಾಕಿ ನೀರು ಉಳಿಸುವುದು, ಮಳೆ ಹೆಚ್ಚಾದರೆ ಅದನ್ನು ಕಿತ್ತು ನೀರು ಹೊರಗೆ ಬಿಡುವುದು ಆಮೆಯಮ್ಮನ ಕೆಲಸ. ಅವಳು ಮೊಟ್ಟೆ ಹೂತಿಡುತ್ತಿದ್ದುದೂ ದಂಡೆಯ ಮರಳಿನಲ್ಲೇ. ನೀರು ಅಲ್ಲಿಗೆ ಏರಿದರೆ ಮೊಟ್ಟೆ ಉಳಿಯುತ್ತಿರಲಿಲ್ಲ.

ಬಿರಡೆ ಮಾಡಿಕೊಡುತ್ತಿದ್ದ ನೀರುನಾಯಿ ಕೆಳಗಿನ ಹೊಳೆಗೆ ಮನೆ ಬದಲಿಸಿದ್ದ. ಹಳೆಯ ಬಿರಡೆ ಕೊಳೆತಿತ್ತು. ಹೇಳಿ ಕಳಿಸಿದರೆ "ಬಂದೆ, ಬಂದೆ" ಎನ್ನುವ ಉತ್ತರ ಬರುತ್ತಿತ್ತೇ ಹೊರತು ಅವನು ಬರುತ್ತಿರಲಿಲ್ಲ. ಕೊನೆಗೆ ಆಮೆಯಮ್ಮ ಮರಕುಟಿಗನನ್ನೂ ಏಡಿಯನ್ನೂ ಕರೆಸಿ, "ಒಬ್ಬೊಬ್ಬರು ಒಂದೊಂದು ಮಾಡಿ ತನ್ನಿ, ನೋಡಿ ಆರಿಸ್ತೀನಿ" ಎಂದಳು.

ಮರಕುಟಿಗ ತಂದದ್ದು ಹಲಸಿನ ಮರದ್ದು, ಮೇಲೊಂದು ಹಿಡಿ. ತೂಬಿಗಿಟ್ಟರೆ ತೊಟ್ಟು ತೊಟ್ಟು ಸೋರಿತು.

"ಇದೇನಪ್ಪ, ಇಷ್ಟು ದಿನ ಕುಟ್ಟಿ ಕುಟ್ಟಿ ಮಾಡಿದ್ದು ಇದನ್ನೇ?"

"ಮರ ನೆನೆದು ಉಬ್ಬಲಿ ಅಮ್ಮ, ಸೋರೋದು ಕಡಿಮೆಯಾಗುತ್ತೆ. ಒಮ್ಮೆ ಕಿತ್ತು ನೋಡಿ, ಸಲೀಸಾಗಿ ಬರುತ್ತೆ."

"ಕೀಳೋ ಮಾತು ಈಗ ಯಾಕೆ? ಮುಚ್ಚೋಕೆ ತಾನೇ ಬಿರಡೆ!"

ಏಡಿ ಮಾಡಿದ್ದು ಜೇಡಿಮಣ್ಣಿಗೆ ಮರದ ಅಂಟು ಕಲಸಿ. ಒಂದು ಹನಿಯೂ ಜಿನುಗಲಿಲ್ಲ.

"ಸೋರಿದರೆ ನನ್ನ ಕಾಲು ಮುರಿದುಕೊಡ್ತೀನಿ ಅಮ್ಮ. ಅಷ್ಟೂ ಕಾಲು, ಬೇಕಾದರೆ ಎಣಿಸಿಕೊಳ್ಳಿ!" ಎಂದ ಏಡಿ.

ಆಮೆಯಮ್ಮ ನಕ್ಕು ಅದನ್ನೇ ಒಪ್ಪಿದಳು. ಬೇಸಿಗೆಯಲ್ಲಿ ನೀರು ಇಳಿಯಲಿಲ್ಲ. ಅಂಟು ತೂಬಿಗೆ ಕಚ್ಚಿಕೊಂಡು ಕಲ್ಲಿನೊಳಗೆ ಕಲ್ಲಾಯಿತು.

ಆಮೇಲೆ ಮಳೆ ಹಿಡಿಯಿತು. ಮರಳಿನಲ್ಲಿ ಮೊಟ್ಟೆಗಳು ಇನ್ನೂ ಒಡೆದಿರಲಿಲ್ಲ. ಆಮೆಯಮ್ಮ ಬಿರಡೆಗೆ ಬಾಯಿ ಹಾಕಿ ಎಳೆದಳು. ಅಲುಗಲಿಲ್ಲ.

"ಏಡಿಯಣ್ಣಾ, ಇದನ್ನ ತೆಗೆಯೋದು ಹೇಗೋ?"

"ತೆಗೆಯೋದಾ? ನೀವು ಅದನ್ನ ಕೇಳಲೇ ಇಲ್ಲವಲ್ಲ ಅಮ್ಮ." ಏಡಿಯ ದನಿಯಲ್ಲಿ ಕುಹಕವಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಕೂಗು ಕೇಳಿ ಮರಕುಟಿಗ ಹಾರಿಬಂದ. ದಂಡೆಯ ಹೊರಮಗ್ಗುಲಿಂದ ತೂಬಿನೊಳಗೆ ಕೊಕ್ಕು ತೂರಿಸಿ ಕುಟ್ಟಿದ, ಕುಟ್ಟಿದ. ಬಿರಡೆ ಒಡೆದು ನೀರು ನುಗ್ಗಿತು. ಆದರೆ ಅಷ್ಟರಲ್ಲಿ ಕೊಳ ಮರಳನ್ನು ಮುಳುಗಿಸಿ ಬಹಳ ಹೊತ್ತಾಗಿತ್ತು.

ಒದ್ದೆ ಮರಳಿನ ಮೇಲೆ ಆಮೆಯಮ್ಮ ತಲೆ ಒಳಗೆಳೆದುಕೊಂಡು ಕೂತಳು.

ಮಳೆ ನಿಂತ ಮೇಲೆ ಇಬ್ಬರೂ ಹೊಸ ಬಿರಡೆ ತಂದರು. ಸೋರುತ್ತದೆಯೇ ಎಂದು ಆಮೆಯಮ್ಮ ಕೇಳಲಿಲ್ಲ.

"ಹಾಕಿ, ತೆಗೆದು ತೋರಿಸ್ರಪ್ಪ. ಮಿಕ್ಕ ಮಾತು ಆಮೇಲೆ."

ಮಕ್ಕಳೇ, ಇದನ್ನು ನಿಮ್ಮ ಗೆಳೆಯರಿಗೂ ಹೇಳಿ. ಮೊಟ್ಟೆಗಳು ಉಳಿದವು ಅಂತ ಮಾತ್ರ ಬದಲಿಸಬೇಡಿ.

ನೀತಿ: ಇಬ್ಬರ ಮಾಲನ್ನು ಹೋಲಿಸುವಾಗ ಇವತ್ತಿನ ಅನುಕೂಲವನ್ನಷ್ಟೇ ಅಲ್ಲ, ಆಪತ್ತಿನ ದಿನ ಅದು ಕೈಗೆ ಬರುತ್ತದೆಯೇ ಎಂಬುದನ್ನೂ ನೋಡಿ ಆರಿಸಬೇಕು.