ಒರೆಸಿದ ಮೀಸೆಯ ಬೀದಿ

ಮಾಡ್ರಿಡ್ ನಗರದಲ್ಲಿ ಬೆಳಗಿನ ಬಸ್ಸು ಹತ್ತಿದವರು ಹತ್ತೂವರೆಗೆಲ್ಲ ಪೆನ್ಯಾಲುಂಬ್ರೆಯ ಕೋಟೆಬಾಗಿಲ ಮುಂದೆ ಇಳಿಯುತ್ತಾರೆ. ಸಂಜೆ ಐದಕ್ಕೆ ಅದೇ ಬಸ್ಸು ಅವರನ್ನು ಹಿಂದಕ್ಕೆ ಹೊತ್ತೊಯ್ಯುತ್ತದೆ. ಜೇನುಬಣ್ಣದ ಕಲ್ಲಿನಿಂದ ಕಟ್ಟಿದ ಈ ಗುಡ್ಡದೂರನ್ನು ನೋಡಲು ಅಷ್ಟು ಹೊತ್ತು ಧಾರಾಳ ಸಾಕು. ಒಂದು ಇಗರ್ಜಿ, ಅದರ ಗೋಪುರದ ತುದಿಯಲ್ಲಿ ಕೊಕ್ಕರೆಯ ಗೂಡು, ಮಂಗಳವಾರದ ಸಂತೆ ನೆರೆಯುವ ಚೌಕ, ಚೌಕದಿಂದ ಹೊರಟು ಗುಡ್ಡವನ್ನು ಹಾವಿನಂತೆ ಸುತ್ತುತ್ತ ಕೆಳಗಿಳಿಯುವ ಉದ್ದನೆಯ ಒಂದು ಬೀದಿ. ಊರೆಂದರೆ ಇಷ್ಟೆ. ಆ ಬೀದಿಯ ಮೂಲೆಗೆ ನೀಲಿ ಅಕ್ಷರದ ಫಲಕ ಹಾಕಿದ್ದಾರೆ: ಒರೆಸಿದ ಮೀಸೆಯ ಬೀದಿ. ಪ್ರವಾಸಿಗರು ಅದರ ಕೆಳಗೆ ನಿಂತು ಇಲ್ಲದ ಮೀಸೆಯನ್ನು ತಿರುವುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ಮೀಸೆ ಯಾರದು, ಒರೆಸಿದ್ದೇಕೆ ಎಂದು ವಿಚಾರಿಸಿದರೆ ಊರಿನವರು ಮೂರು ಬಗೆಯಾಗಿ ಹೇಳುತ್ತಾರೆ. ಮೂರರಲ್ಲಿ ಎರಡು ನಿಜವಿದ್ದರೂ ಇರಬಹುದು, ಆದರೆ ತೀರ ಸಪ್ಪೆ. ಆದ್ದರಿಂದ ಹೇಳತಕ್ಕದ್ದು ಮೂರನೆಯದನ್ನೇ.

ಹಿಂದೆ ಒಮ್ಮೆ, ನಾನೂರು ವರ್ಷವಾಯಿತು ಎನ್ನುವವರಿದ್ದಾರೆ, ಇಗರ್ಜಿಯ ಪಾದ್ರಿಗಳು ಐನೂರು ಎನ್ನುತ್ತಾರೆ, ಜಗಳ ಬೇಡ, ನಾನೂರೈವತ್ತು ಎಂದಿಟ್ಟುಕೊಳ್ಳೋಣ, ಈ ಊರಿನ ಚೌಕದಲ್ಲಿ ಕಸಿಲ್ಡಾ ಎಂಬ ಗಟ್ಟಿಗಿತ್ತಿ ಊಟದ ಮನೆ ನಡೆಸುತ್ತಿದ್ದಳು. ದಪ್ಪ ಕಡಲೆಕಾಳು, ಪಾಲಕ್ ಸೊಪ್ಪು, ಹುರಿದ ಬೆಳ್ಳುಳ್ಳಿ, ಮೇಲೆ ಒಂದು ಚಿಟಿಕೆ ಕೇಸರಿ ಹಾಕಿ ಅವಳು ಕುದಿಸುತ್ತಿದ್ದ ಸಾರಿನ ಘಮ ಮೂರು ಹರದಾರಿ ಆಚೆಗೂ ಹೋಗುತ್ತಿತ್ತಂತೆ. ಮೂರು ಹೆಚ್ಚಾಯಿತೆಂದರೆ ಎರಡು. ಗಂಡ ತೀರಿಕೊಂಡ ಮೇಲೆ ಅವಳ ಬದುಕು ನಿಂತಿದ್ದುದು ಮಂಗಳವಾರದ ಸಂತೆಗೆ ಬರುವ ಕುರಿ ವ್ಯಾಪಾರಿಗಳ ಹಸಿವಿನ ಮೇಲೆ. ಅಂಥ ಹೊತ್ತಿನಲ್ಲಿ ಅರಮನೆಯಿಂದ ಒಂದು ಆಜ್ಞೆ ಬಂತು: ನೂರು ಒಲೆ ಉರಿಯದ ಊರಿಗೆ ಸಂತೆಯ ಹಕ್ಕಿಲ್ಲ, ಅದು ಪಕ್ಕದ ದೊಡ್ಡ ಊರಿಗೆ ಹೋಗತಕ್ಕದ್ದು. ಎಣಿಸಲು ಅಧಿಕಾರಿಯೊಬ್ಬ ಬರುತ್ತಾನೆ, ಬೆಳಿಗ್ಗೆ ಬಂದು ಸಂಜೆಗೆ ಹೊರಡುತ್ತಾನೆ. ಪೆನ್ಯಾಲುಂಬ್ರೆಯಲ್ಲಿ ಉರಿಯುತ್ತಿದ್ದ ಒಲೆಗಳು ಅರವತ್ತೊಂದು. ಉಳಿದವರು ಎಂದೋ ಮನೆಗೆ ಬೀಗ ಜಡಿದು ಕಣಿವೆಯ ವಾಲ್ತುರ್ಬಿಯಾ ಪೇಟೆಗೆ ಇಳಿದುಹೋಗಿದ್ದರು. ಆ ಪೇಟೆಯಲ್ಲಿ ಛತ್ರ ನಡೆಸುತ್ತಿದ್ದ ಕಸಿಲ್ಡಾಳ ನಾದಿನಿ ಆಗಲೇ ಹೇಳಿಕಳಿಸಿದ್ದಳು: “ಸಂತೆ ಇಲ್ಲಿಗೆ ಬಂದ ಮೇಲೆ ನೀನೂ ಬಾ. ಪಾತ್ರೆ ತೊಳೆಯೋಕೆ ನನಗೂ ಒಬ್ಬಳು ಬೇಕು.” ಆ ಮಾತು ಕೇಳಿದ ದಿನ ಕಸಿಲ್ಡಾ ಊಟ ಬಿಟ್ಟಳು ಎನ್ನುತ್ತಾರೆ. ಮರುದಿನ ಎರಡು ಪಟ್ಟು ಉಂಡಳು, ಏಕೆಂದರೆ ಅಷ್ಟರಲ್ಲಿ ಉಪಾಯ ಹೊಳೆದಿತ್ತು.

ಚೌಕದಲ್ಲಿ ಊರೆಲ್ಲ ಸೇರಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅವಳು ಊರಮುಖಂಡ ತಿಬೂರ್ಸಿಯೋನನ್ನು ಕೇಳಿದಳು: “ಅಲ್ಲ ಮುಖಂಡರೇ, ಒಲೆ ಎಣಿಸ್ತಾರೋ, ಮನುಷ್ಯರನ್ನ ಎಣಿಸ್ತಾರೋ?” ಒಲೆ ಎಂದ ಅವನು. “ಮತ್ತೆ ಅಳೋದ್ಯಾಕೆ? ಹೊಗೆ ಎಬ್ಬಿಸೋಕೆ ಒದ್ದೆ ಹುಲ್ಲು ಸಾಲದಾ?” ಬೀದಿ ಸುತ್ತಿ ಸುತ್ತಿ ಇಳಿಯುವುದರಿಂದ ಒಂದು ತಿರುವಿನಲ್ಲಿ ನಿಂತವನಿಗೆ ಮುಂದಿನ ತಿರುವು ಕಾಣುವುದಿಲ್ಲ. ಮೇಲಿನ ಮನೆಯ ಬಾಗಿಲಲ್ಲಿ ಅಧಿಕಾರಿಗೆ ನಮಸ್ಕಾರ ಹೇಳಿದವರು ಹಿತ್ತಿಲ ಮೆಟ್ಟಿಲಿಳಿದು ಓಡಿದರೆ, ಅವನು ಬರುವಷ್ಟರಲ್ಲಿ ಕೆಳಗಿನ ಖಾಲಿ ಮನೆಯ ಬಾಗಿಲಲ್ಲಿ ಬೇರೆ ಟೋಪಿ, ಬೇರೆ ಶಾಲು, ಬೇರೆ ಹೆಸರಿನಲ್ಲಿ ನಿಲ್ಲಬಹುದು. ಎಲ್ಲ ಸರಿ, ಒಂದೇ ತೊಡಕು. ಹೊಸ್ತಿಲಿಗೆ ಬಂದವರು ಯಾರೇ ಆಗಲಿ, ಒಲೆಯ ಮೇಲಿದ್ದುದರಲ್ಲಿ ಒಂದು ಬಟ್ಟಲು ಅವರ ಕೈಗಿಡುವುದು ಆ ಊರಿನ ಪದ್ಧತಿ. ರಾಜನ ಕಣ್ಣಿಗೆ ಮಣ್ಣೆರಚಲು ಪೆನ್ಯಾಲುಂಬ್ರೆಯವರಿಗೆ ಎಳ್ಳಷ್ಟೂ ಅಳುಕಿರಲಿಲ್ಲ; ಬಂದವನನ್ನು ಬರಿಬಾಯಲ್ಲಿ ಕಳಿಸುವುದೆಂದರೆ ಮಾತ್ರ ಮೈ ನಡುಗುತ್ತಿತ್ತು. ಸುಳ್ಳು ಮನೆಯಾದರೇನು, ಬಟ್ಟಲು ಸುಳ್ಳಾಗಬಾರದು ಎಂದು ಮುದುಕಿಯರು ಹಟ ಹಿಡಿದರು. ಕೊನೆಗೆ ಕಸಿಲ್ಡಾ ತನ್ನ ದೊಡ್ಡ ಕೊಪ್ಪರಿಗೆಯನ್ನು ಒಲೆಗೇರಿಸಿ, ನಲವತ್ತೊಂದು ಖಾಲಿ ಮನೆಗಳಿಗೂ ತಾನೊಬ್ಬಳೇ ಸಾರು ಕುದಿಸಿದಳು.

ಅಧಿಕಾರಿ ದೋನ್ ಇನಿಗೋ ಹೇಸರಗತ್ತೆಯ ಮೇಲೆ ಬಂದಿಳಿದ. ಆಳು ಕಡ್ಡಿಯಂತಿದ್ದರೂ ಮೀಸೆ ಪೊರಕೆಯಷ್ಟಿತ್ತು. ಬೀದಿಯ ಮೇಲ್ಭಾಗದ ನಿಜವಾದ ಮನೆಗಳಲ್ಲಿ ಚಳಿಗಾಲದ ನೀರುನೀರಾದ ಗೆಡ್ಡೆಯ ಗಂಜಿ. ಬಟ್ಟಲು ಮುಂದೆ ಬಂದಾಗಲೆಲ್ಲ ಅವನು ಬೇಡವೆಂದು ಕೈಯಾಡಿಸಿ, ಒಲೆ ನೋಡಿ, ಗೀಟೆಳೆದು ಮುಂದೆ ಹೋದ. ಅರವತ್ತೆರಡನೆಯ ಬಾಗಿಲಲ್ಲಿ ಕೇಸರಿಯ ಘಮ ಮೂಗಿಗೆ ಬಡಿಯಿತು. “ಒಂದು ಚಮಚ, ಅಷ್ಟೆ” ಎಂದ. ಅರವತ್ತೈದನೆಯ ಬಾಗಿಲಲ್ಲಿ ಬಟ್ಟಲನ್ನೇ ಎತ್ತಿ ಕುಡಿದ. ಎಪ್ಪತ್ತಕ್ಕೆ ಬರುವಾಗ ಅವನ ನಡಿಗೆ ಎಷ್ಟು ಚುರುಕಾಗಿತ್ತೆಂದರೆ ಹಿತ್ತಿಲಲ್ಲಿ ಓಡುತ್ತಿದ್ದವರಿಗೆ ಏದುಸಿರು ಬಂತು. ಬೀದಿಗೆಲ್ಲ ಒಂದೇ ಅಡುಗೆ ಎಂಬುದು ಅವನಿಗೆ ಹೊಳೆಯಲಿಲ್ಲವೆ? ಹೊಳೆದಿತ್ತು, ಆದರೆ ಬಾಯಿ ತುಂಬಿದ್ದರಿಂದ ಕೇಳಲಾಗಲಿಲ್ಲ ಎನ್ನುತ್ತಾರೆ.

ನೂರಾ ಎರಡನೆಯದು, ಕಟ್ಟಕಡೆಯ ಮನೆ. ಅಲ್ಲಿ ಕಪ್ಪು ಶಾಲು ಹೊದ್ದು ವಿಧವೆಯ ವೇಷದಲ್ಲಿ ನಿಂತಿದ್ದವಳು ನೇಕಾರನ ಹೆಂಡತಿ ಫೆರ್ಮಿನಾ. ಕೊಪ್ಪರಿಗೆಯ ತಳದ ಸಾರು ಹಿಡಿದು ಕಸಿಲ್ಡಾ ಬಾಗಿಲ ಹಿಂದೆ ಅಡಗಿ ನಿಂತಿದ್ದಳು. ಇದೊಂದು ದಾಟಿದರೆ ಸಂತೆ ಉಳಿಯಿತು.

ದೋನ್ ಇನಿಗೋ ಬಟ್ಟಲು ಬರಿದು ಮಾಡಿ ಕಣ್ಣು ಮುಚ್ಚಿದ. “ತಾಯೀ, ಮೂವತ್ತು ಊರು ಸುತ್ತಿದ್ದೇನೆ, ಇಂಥ ಕೈರುಚಿ ಕಂಡಿಲ್ಲ. ನೀನೇ ಮಾಡಿದ್ದೋ?”

ಹೂಂ ಎಂದಿದ್ದರೆ ಸಾಕಿತ್ತು. ಆದರೆ ಫೆರ್ಮಿನಾಳನ್ನು ಹುಟ್ಟಿದಾಗಿನಿಂದ ಯಾರೂ ಹೊಗಳಿರಲಿಲ್ಲ. “ನಮ್ಮಜ್ಜಿಯಿಂದ ಬಂದ ವಿದ್ಯೆ ಸ್ವಾಮಿ” ಎಂದಳು. “ಚೌಕದ ಕಸಿಲ್ಡಾ ಕೂಡ ನನ್ನ ಹತ್ತಿರವೇ ಕಲಿತದ್ದು. ಪಾಪ, ಅವಳ ಕೈಗೆ ಉಪ್ಪಿನ ಹದ ಹತ್ತಲೇ ಇಲ್ಲ.”

ಬಾಗಿಲು ಗೋಡೆಗೆ ಬಡಿಯಿತು. ಸೌಟು ಮೊದಲು ಹೊರಬಂತು, ಹಿಂದೆಯೇ ಕಸಿಲ್ಡಾ. “ಯಾರಜ್ಜಿಯೇ? ನಿಮ್ಮಜ್ಜಿ ನೀರು ಕಾಯಿಸಿದರೂ ತಳ ಹಿಡೀತಿತ್ತು! ನಲವತ್ತೊಂದು ಮನೆಯ ಸಾರೂ ನಂದು, ಒಂದೇ ಕೊಪ್ಪರಿಗೆ, ಅದು ನನ್ನ ಕೊಪ್ಪರಿಗೆ!”

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ತಿಳಿಯಿತು. ನಾದಿನಿಯ ಎಣ್ಣೆಜಿಡ್ಡಿನ ಪಾತ್ರೆಗಳು ಸಾಲಾಗಿ ಕಣ್ಣ ಮುಂದೆ ಬಂದುವು. ದೋನ್ ಇನಿಗೋ ಕೆಂಪಾಗಿ, ಅಂಗಿಯೊಳಗಿಂದ ರಾಜಾಜ್ಞೆಯನ್ನು ಸೆಳೆದು ಗಟ್ಟಿಯಾಗಿ ಓದತೊಡಗಿದ. “ಆರನೆಯ ಕಲಮು! ಸುಳ್ಳು ಒಲೆ ತೋರಿಸಿದ ಊರಿನ ಸಂತೆಯನ್ನು ಆ ಕ್ಷಣವೇ ಕಿತ್ತುಕೊಳ್ಳತಕ್ಕದ್ದು. ಏಳನೆಯ ಕಲಮು! ಎಣಿಸಲು ಹೋದ ಅಧಿಕಾರಿಯು ಆ ಊರಿನಲ್ಲಿ ಒಂದು ಚೂರು ರೊಟ್ಟಿಯನ್ನಾಗಲಿ, ಒಂದು ಗುಟುಕು...” ಅಲ್ಲಿಗೇ ಓದು ನಿಲ್ಲಿಸಿ ಆಜ್ಞೆಯನ್ನು ಮಡಚತೊಡಗಿದ.

“ಸರಿಯಾಗಿ ಕೇಳಿಸಲಿಲ್ಲ ಸ್ವಾಮಿ, ಗುಟುಕು ಏನು?” ಎಂದ ತಿಬೂರ್ಸಿಯೋ ಬಲು ವಿನಯದಿಂದ.

ಕಸಿಲ್ಡಾ ತಲೆಯೆತ್ತಿ ಆ ಮೀಸೆಯನ್ನು ನೋಡಿದಳು. ಎರಡು ಕಡೆಯೂ ಕೇಸರಿಯ ಹಳದಿ ಸೊಂಪಾಗಿ ಮೆತ್ತಿಕೊಂಡಿತ್ತು. ಸೊಂಟದಲ್ಲಿದ್ದ ಬಿಳಿಯ ಬಟ್ಟೆ ತೆಗೆದು ಅವನ ಮುಂದೆ ಹಿಡಿದಳು. “ಮೊದಲು ಇದನ್ನ ಒರೆಸಿಕೊಳ್ಳಿ ಸ್ವಾಮಿ. ಆಮೇಲೆ ಏನು ಬೇಕೋ ಬರೀರಿ.”

ಅವನು ಬಲಗಡೆ ಒರೆಸಿದ, ಎಡಗಡೆ ಒರೆಸಿದ, ಅನುಮಾನ ಬಂದು ಮತ್ತೊಮ್ಮೆ ಬಲಗಡೆ ಒರೆಸಿದ. ಬಟ್ಟೆಯನ್ನು ಮಡಚಿ ತನ್ನ ಜೇಬಿಗೇ ಹಾಕಿಕೊಂಡ. ಎಣಿಕೆಯ ಕಾಗದ ಬಿಚ್ಚಿ, “ನೂರಾ ಎರಡನೆಯ ಒಲೆ. ಯಾರದು?” ಎಂದು ಕೇಳಿದ.

“ಬೆಂಕಿ ಯಾರದಾದರೂ ಬರಕೊಳ್ಳಿ, ಸಾರು ಮಾತ್ರ ನನ್ನದು ಅಂತ...” ಎಂದು ಕಸಿಲ್ಡಾ ಶುರುಮಾಡಿದಳು.

“ಯಾವ ಸಾರು? ಈ ಊರಲ್ಲಿ ನಾನು ಸಾರು ನೋಡಿಯೇ ಇಲ್ಲ” ಎಂದ ದೋನ್ ಇನಿಗೋ. ಆಮೇಲೆ ದನಿ ತಗ್ಗಿಸಿ, “ನೋಡಮ್ಮ, ಅಡುಗೆ ನಿನ್ನದಾದರೆ ಈ ಮನೆ ಖಾಲಿ. ಅವಳದಾದರೆ ಇದು ಸಂಸಾರ. ಯೋಚಿಸಿ ಹೇಳು, ಹೇಳಿದ್ದು ಇವತ್ತಿಗೂ ಸರಿ, ಇನ್ನು ಮುಂದಕ್ಕೂ ಸರಿ.”

ಇಗರ್ಜಿಯ ನೆರಳು ಒಂದು ಗೇಣು ಸರಿಯುವವರೆಗೆ ಕಸಿಲ್ಡಾ ಸೌಟನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದಳು ಎನ್ನುತ್ತಾರೆ. ಫೆರ್ಮಿನಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು; ನಾಚಿಕೆಗೋ, ನಗು ತಡೆಯಲೋ, ಇಂದಿಗೂ ಇತ್ಯರ್ಥವಾಗಿಲ್ಲ. ಕೊನೆಗೆ ಕಸಿಲ್ಡಾ ಬಿಸಿ ತುತ್ತು ನುಂಗಿದವಳಂತೆ ಮುಖ ಹಿಂಡಿ, “ಫೆರ್ಮಿನಾಳದು ಸ್ವಾಮಿ. ಒಲೆಯೂ ಅವಳದೇ, ಸಾರೂ ಅವಳದೇ” ಎಂದಳು. ಸಂತೆ ಊರಲ್ಲೇ ಉಳಿಯಿತು. ವಾಲ್ತುರ್ಬಿಯಾದ ನಾದಿನಿ ತನ್ನ ಪಾತ್ರೆಗಳನ್ನು ತಾನೇ ತೊಳೆದುಕೊಂಡಳು. ಬೀದಿಗೆ ಮೀಸೆಯ ಹೆಸರು ಬಂತು.

ಇಂದು ಆ ಬೀದಿಯ ಖಾಲಿ ಮನೆಗಳೆಲ್ಲ ಹೋಟೆಲುಗಳಾಗಿವೆ. ಹೊರಗಿನ ಕಪ್ಪು ಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೊದಲ ಸಾಲು ಎಲ್ಲ ಕಡೆಯೂ ಒಂದೇ: ಫೆರ್ಮಿನಾಳ ಕಡಲೆ ಸಾರು. ಕೊಟ್ಟ ಮಾತು ಕೊಟ್ಟದ್ದೇ, ಊರಿನವರು ಹೆಸರು ಬದಲಿಸಿಲ್ಲ. ಆದರೆ ಬಟ್ಟಲು ತಂದಿಡುವವರು ಕೈ ಹಿಂದಕ್ಕೆ ತೆಗೆಯುವ ಮೊದಲು, ಕಣ್ಣು ಕೆಳಗೆ ಮಾಡಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾರೆ. “ಕಸಿಲ್ಡಾ ಮಾಡಿದ್ದು” ಎಂದಷ್ಟೇ ಅದರ ಅರ್ಥ. ದೂರದೂರದಿಂದ ಬಂದ ಪ್ರವಾಸಿಗರು ಅದನ್ನು ಊಟದ ಪ್ರಾರ್ಥನೆ ಎಂದೇ ತಿಳಿದು, ಚಮಚ ಕೆಳಗಿಟ್ಟು, ಭಕ್ತಿಯಿಂದ ತಲೆ ಬಾಗಿಸುತ್ತಾರೆ.