ತಿರುವಿನಲ್ಲಿ ನಿಲ್ಲುತ್ತಿದ್ದ ಬಸ್ಸು

ಗದಗದ ಒಂದು ಬೀದಿಯಲ್ಲಿ ದಾವಲಸಾಬರು ಎಂಬ ಕಂಪ್ಯೂಟರ್ ರಿಪೇರಿಯವರಿದ್ದರು. ಅವರ ಬಳಿ ನೀಲಗಂಗಾ ಎಂಬಾಕೆ ಎರಡು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ಬಿ.ಕಾಂ. ಮುಗಿಸಿದವಳು, ಬಲು ಚುರುಕು. ಎಷ್ಟು ಚುರುಕೆಂದರೆ, ಗಿರಾಕಿ ತನ್ನ ತೊಂದರೆ ಹೇಳಿ ಮುಗಿಸುವಷ್ಟರಲ್ಲಿ ಇವಳು ಅರ್ಧ ಸ್ಕ್ರೂ ಬಿಚ್ಚಿರುತ್ತಿದ್ದಳು. ಇಂಥವರನ್ನು ನೀವೂ ನೋಡಿದ್ದೀರಿ. ನಾನಂತೂ ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಒಂದು ಶುಕ್ರವಾರ ಬೆಳಿಗ್ಗೆ ಚನ್ನವೀರಪ್ಪ ಎಂಬ ಬಸ್ ಚಾಲಕ ತನ್ನ ಕಂಪ್ಯೂಟರನ್ನು ಆಟೊದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ. ಜೊತೆಗೆ ಆಟಕ್ಕೆಂದು ಮಾಡಿದ ಒಂದು ಸ್ಟಿಯರಿಂಗ್, ಕಾಲಲ್ಲಿ ಒತ್ತುವ ಎರಡು ಪೆಡಲ್. ನಲವತ್ತೈದು ದಾಟಿದ ಮನುಷ್ಯ ಆಟದ ಸಾಮಾನನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವುದನ್ನು ಕಂಡು ನೀಲಗಂಗಾಳಿಗೆ ನಗು ಬಂತು. ಬರಬಾರದಿತ್ತು, ಬಂತು.

"ನಗಬ್ಯಾಡವಾ ತಂಗಿ," ಎಂದ ಚನ್ನವೀರಪ್ಪ. "ಸೋಮವಾರ ನನ್ನ ಪರೀಕ್ಷಾ ಐತಿ."

ಅವನು ಹೇಳಿದ್ದು ಇಷ್ಟು. ಆರು ತಿಂಗಳ ಹಿಂದೆ ಒಂದು ಇಳಿಜಾರಿನ ತಿರುವಿನಲ್ಲಿ ಅವನ ಬಸ್ಸಿನ ಟೈರು ಸಿಡಿದು, ಬಸ್ಸು ಹೊಲಕ್ಕೆ ಇಳಿದಿತ್ತು. ಯಾರ ಪ್ರಾಣವೂ ಹೋಗಲಿಲ್ಲ. ಅವನ ಬಲಗಾಲು ಮುರಿಯಿತು. ಕಾಲೇನೋ ಕೂಡಿಕೊಂಡಿತು, ಹೆದರಿಕೆ ಹಾಗೇ ಉಳಿಯಿತು. ಸೋಮವಾರ ಡಿಪೋದಲ್ಲಿ ಅಧಿಕಾರಿಗಳನ್ನು ಕೂರಿಸಿಕೊಂಡು ಬಸ್ ಓಡಿಸಿ ತೋರಿಸಬೇಕು. ತೋರಿಸಿದರೆ ಮತ್ತೆ ಬಸ್ಸು ಕೈಗೆ ಬರುತ್ತದೆ. ಇಲ್ಲವಾದರೆ ನಿವೃತ್ತಿಯವರೆಗೆ ಡಿಪೋದ ಗೇಟು ತೆರೆಯುತ್ತ, ಮುಚ್ಚುತ್ತ ಇರಬೇಕು. ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನಿಗೆ ಅದು ಸಾವಿಗಿಂತ ಸ್ವಲ್ಪವೇ ಕಡಿಮೆ. ಅದಕ್ಕೇ ಮನೆಯಲ್ಲಿ ದಿನಕ್ಕೆ ಎರಡು ತಾಸು ಬಸ್ ಓಡಿಸುವ ಆಟ ಆಡಿ ಕೈ ಪಳಗಿಸಿಕೊಳ್ಳುತ್ತಿದ್ದ. ಕಂಪ್ಯೂಟರ್ ಹಳೆಯದು, ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಹೋದ ವಾರ 'ಅಪ್‌ಡೇಟ್ ಮಾಡಲೇ?' ಎಂದು ಕೇಳಿತಂತೆ, ಇವನು ಹೂಂ ಅಂದನಂತೆ. ಅಂದಿನಿಂದ ಪರದೆಯ ಮೇಲಿನ ಬಸ್ಸು ತೆವಳುತ್ತಿತ್ತು, ತಿರುವು ಬಂದಲ್ಲೆಲ್ಲ ಕಲ್ಲಿನಂತೆ ನಿಂತುಬಿಡುತ್ತಿತ್ತು.

"ಗ್ರಾಫಿಕ್ಸ್ ಡ್ರೈವರ್ ಕೆಟ್ಟೈತ್ರಿ ಅಣ್ಣಾರ. ಸಂಜಿಗೆ ಬರ್ರಿ, ರೆಡಿ ಇರತೈತಿ," ಎಂದಳು ನೀಲಗಂಗಾ.

ಗ್ರಾಫಿಕ್ಸ್ ಡ್ರೈವರ್ ಅಂದರೆ, ಲಿನಕ್ಸ್ ಹೇಳಿದ್ದನ್ನು ಚಿತ್ರ ಬಿಡಿಸುವ ಕಾರ್ಡಿಗೆ ತಿಳಿಯುವಂತೆ ದಾಟಿಸುವ ಒಂದು ತಂತ್ರಾಂಶ. ಬಸ್ಸಿನ ಡ್ರೈವರ್ ಬೇರೆ, ಇದು ಬೇರೆ. ಗೊಂದಲ ಬೇಡವೆಂದೇ ನಾನು ಚನ್ನವೀರಪ್ಪನನ್ನು ಚಾಲಕ ಎನ್ನುತ್ತಿದ್ದೇನೆ.

ನೀಲಗಂಗಾ ಇಂಟರ್ನೆಟ್ಟಿನಲ್ಲಿ ಹುಡುಕಿದಳು. 'ಲಿನಕ್ಸಿನಲ್ಲಿ ಆಟ ನಿಧಾನ' ಎಂದು ಗೋಳಾಡಿದವರಿಗೆ ಲೆಕ್ಕವಿಲ್ಲ, ಪರಿಹಾರ ಹೇಳಿದವರು ಅವರಿಗಿಂತ ಹೆಚ್ಚು. ಎಲ್ಲೋ ದೂರದೇಶದ ಒಬ್ಬ ಮೂರು ಸಾಲಿನ ಆದೇಶ ಬರೆದು, ನನ್ನ ಕಂಪ್ಯೂಟರ್ ಇದರಿಂದ ಸರಿಹೋಯಿತು ಎಂದಿದ್ದ. ಅವಳು ಅದನ್ನು ನಕಲು ಮಾಡಿ ಅಂಟಿಸಿದಳು. ಸರಿಹೋಗಲಿಲ್ಲ. ಇನ್ನೊಬ್ಬ ಎಲ್ಲಕ್ಕಿಂತ ಹೊಸ ಡ್ರೈವರ್ ಹಾಕು ಎಂದಿದ್ದ. ಹಾಕಿದಳು. ಮತ್ತೊಬ್ಬ ಹಳೆಯದನ್ನೆಲ್ಲ ಅಳಿಸು ಎಂದಿದ್ದ. ಅಳಿಸಿದಳು. ಏಳನೆಯ ಪರಿಹಾರ ಅಂಟಿಸಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗ ಪರದೆ ಪೂರ್ತಿ ಕಪ್ಪಾಯಿತು. ಬೆಳಿಗ್ಗೆ ತೆವಳುತ್ತಿದ್ದ ಬಸ್ಸು ಸಂಜೆಗೆ ಕಾಣದಂತಾಗಿತ್ತು.

ಚನ್ನವೀರಪ್ಪ ಬಂದು ನೋಡಿದ. "ನಾಳೆ ಆಗತೈತೇನವಾ?" ಎಂದಷ್ಟೇ ಕೇಳಿ ಕುಂಟುತ್ತ ಇಳಿದುಹೋದ. ಅವನು ಬೈದಿದ್ದರೆ ನೀಲಗಂಗಾಳಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ದಾವಲಸಾಬರು ಕನ್ನಡಕ ಒರೆಸಿಕೊಳ್ಳುತ್ತ ಹತ್ತಿರ ಬಂದರು.

"ಏನೇನು ಮಾಡಿದಿ ಯವ್ವಾ?"

ಅವಳು ಏಳೂ ಪರಿಹಾರಗಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

"ಅದೆಲ್ಲಾ ಮಂದಿ ಹೇಳಿದ್ದಾತು. ಈ ಮಷೀನು ಏನ್ ಹೇಳ್ತು?"

ನೀಲಗಂಗಾ ಕಪ್ಪು ಪರದೆಯ ಕಡೆ ತಿರುಗಿದಳು. ಅದನ್ನು ಅವಳು ಕೇಳಿಯೇ ಇರಲಿಲ್ಲ.

ಲಿನಕ್ಸಿನದೊಂದು ಸ್ವಭಾವ ನನಗೆ ತುಂಬಾ ಇಷ್ಟ. ಅದು ತನಗೆ ಏನಾಯಿತೆಂಬುದನ್ನು ಒಂದು ಕಡೆ ಬರೆದಿಟ್ಟುಕೊಂಡಿರುತ್ತದೆ. ಪರದೆ ಕಪ್ಪಾದರೂ ಬರೆಯುವುದು ನಿಲ್ಲುವುದಿಲ್ಲ. ಓದುವವರು ಬೇಕು, ಅಷ್ಟೇ. ಶನಿವಾರ ಬೆಳಿಗ್ಗೆ ನೀಲಗಂಗಾ ಕಂಪ್ಯೂಟರನ್ನು ಬರೀ ಅಕ್ಷರಗಳು ಕಾಣುವ ಸ್ಥಿತಿಯಲ್ಲಿ ತೆರೆದು, ಆ ದಿನಚರಿಯನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದಳು. ಅಪ್‌ಡೇಟ್ ಆದ ದಿನ ಸಿಕ್ಕಿತು. ಅಲ್ಲಿ ಹೊಸ ಡ್ರೈವರ್ ಸ್ಪಷ್ಟವಾಗಿ ಬರೆದಿತ್ತು: ಈ ಕಾರ್ಡು ಹಳೆಯದು, ಇದಕ್ಕೆ ಹಳೆಯ ಡ್ರೈವರ್ ಬೇಕು, ನಾನು ಇದನ್ನು ಮುಟ್ಟುವುದಿಲ್ಲ.

ಅಂದರೆ ಕಾರ್ಡು ಕೆಟ್ಟೇ ಇರಲಿಲ್ಲ. ಕೆಲಸ ಹೇಳುವವರಿಲ್ಲದೆ ಖಾಲಿ ಕುಳಿತಿತ್ತು. ಅದರ ಕೆಲಸವನ್ನೂ ಕಂಪ್ಯೂಟರಿನ ಮಿದುಳಾದ ಪ್ರೊಸೆಸರೇ ಹೊತ್ತುಕೊಂಡು ಏದುಸಿರು ಬಿಡುತ್ತಿತ್ತು. ತಿರುವುಗಳಲ್ಲಿ ಮರ, ಮನೆ, ಗುಡ್ಡ ಎಲ್ಲವನ್ನೂ ಒಮ್ಮೆಗೇ ಬಿಡಿಸಬೇಕಾಗಿ ಬಂದಾಗ ಸುಸ್ತಾಗಿ ನಿಲ್ಲುತ್ತಿತ್ತು. ವಾರದಿಂದ ಕಾರಣ ಬರೆದೇ ಇತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಇನ್ನೂ ಏನೇನು ಬರೆದಿದೆಯೋ ಎಂದು ಕುತೂಹಲ ಹತ್ತಿತು.

ಆ ಕಾರ್ಡಿಗೆ ಹವ್ಯಾಸಿಗಳು ಸೇರಿ ಬರೆದ ಡ್ರೈವರ್ ಒಂದಿತ್ತು. ಮೊದಲು ಅದನ್ನು ಹಾಕಿ ನೋಡಿದಳು. ಪರದೆ ಬೆಳಗಿತು.

"ಕಾರ್ಡ್ ಮಾಡಿದ ಕಂಪನಿಯವ್ರು ಈ ಹವ್ಯಾಸಿ ಮಂದಿಗೆ ಅದರ ವಿವರದ ಕಾಗದಪತ್ರ ಕೊಟ್ಟಿರಲಿಲ್ಲಂತ್ರಿ ಸರ್. ಮತ್ತ ಹೆಂಗ ಬರದ್ರು?"

"ಕಾರ್ಡಿಗೇ ಕೇಳಿ ಬರದಾರ," ಎಂದರು ದಾವಲಸಾಬರು. "ಒಂದು ಮಾತು ಹೇಳೋದು, ಅದೇನು ಮಾಡತೈತಿ ನೋಡೋದು, ಬರಕೊಳ್ಳೋದು. ಮತ್ತೊಂದು ಹೇಳೋದು. ವರ್ಷಗಟ್ಟಲೆ ಹಂಗ ಮಾಡ್ಯಾರ."

ನೀಲಗಂಗಾ ಬಸ್ಸಿನ ಆಟ ಶುರು ಮಾಡಿದಳು. ಆ ಡ್ರೈವರಿನಲ್ಲಿ ಆಟ ಓಡಿತು, ಆದರೆ ಬೇಕಾದಷ್ಟು ವೇಗ ಬರಲಿಲ್ಲ. ಆಮೇಲೆ ಕಂಪನಿಯ ಹಳೆಯ ಡ್ರೈವರನ್ನೇ ಹುಡುಕಿ ಹಾಕಿದಳು. ಮುಂದಿನ ಅಪ್‌ಡೇಟಿನಲ್ಲಿ ಅದು ಬದಲಾಗದಂತೆ ಕಟ್ಟಿಹಾಕಿದಳು. ಬಸ್ಸು ಬೆಣ್ಣೆಯ ಹಾಗೆ ಓಡಿತು.

ಮಧ್ಯಾಹ್ನ ಚನ್ನವೀರಪ್ಪ ಬಂದ. ಸ್ಟಿಯರಿಂಗ್ ಹಿಡಿದು ಕುಳಿತು ಮೂರು ತಿರುವು ದಾಟಿಸಿದ. ಒಂದು ಕಡೆಯೂ ನಿಲ್ಲಲಿಲ್ಲ.

"ಚಲೋ ಆತವಾ," ಎಂದ. ಮುಖ ಮಾತ್ರ ಚಲೋ ಇರಲಿಲ್ಲ.

ನಿನ್ನೆಯ ನೀಲಗಂಗಾ ಆಗಿದ್ದರೆ ವೈರು ಸುತ್ತಿ ಕೈಗೆ ಕೊಟ್ಟು ಕಳಿಸಿಬಿಡುತ್ತಿದ್ದಳು. ಇವತ್ತು ಅವಳು ಒಂದು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕುಳಿತಳು.

"ಅಣ್ಣಾರ, ಖರೇ ಬಸ್ಸಿನ್ಯಾಗ ಕುಂತಾಗ ನಿಮಗ ಏನಾಗತೈತಿ?"

ಚನ್ನವೀರಪ್ಪ ಅವಳ ಮುಖ ನೋಡಿದ.

"ಇದನ್ನ ಯಾರೂ ಕೇಳಿರಲಿಲ್ಲ ನೋಡವಾ," ಎಂದ. "ಅವ್ವ ತಾಯ್ತ ಕಟ್ಟಿದ್ಳು. ಗೆಳ್ಯಾ ಧೈರ್ಯ ತಗೋ ಅಂದ. ನಮ್ಮ ಮಾವ ಈ ಆಟಾ ತಂದು ಕೊಟ್ಟ. ಎಲ್ಲಾರೂ ಒಂದೊಂದು ಹೇಳಿದ್ರು." ಸ್ಟಿಯರಿಂಗಿನಿಂದ ಕೈ ತೆಗೆದ. "ನನಗ ತಿರುವಿನ ಹೆದರಿಕಿ ಇಲ್ಲ. ಖಾಲಿ ಬಸ್ಸು ಕೊಡ್ರಿ, ಎಲ್ಲಿಗೆ ಬೇಕಾದ್ರೂ ಒಯ್ಯತೀನಿ. ಹಿಂದ ಮಂದಿ ಕುಂತಾರ ಅನ್ನೂದು ನೆನಪಾತಂದ್ರ ಸಾಕು, ಕಾಲು ತಾನಾಗೇ ಬ್ರೇಕಿನ ಮ್ಯಾಲ ಹೋಗತೈತಿ. ಅವತ್ತು ಹಿಂದಿನಿಂದ ಯಾರೂ ಚೀರಲಿಲ್ಲವಾ. ಎಲ್ಲಾರೂ ಸುಮ್ಮನಾಗಿಬಿಟ್ರು. ಆ ಸುಮ್ಮನಿದ್ದದ್ದು ಇನ್ನೂ ಕಿವ್ಯಾಗ ಐತಿ."

ಪರದೆಯ ಮೇಲಿನ ಬಸ್ಸಿನಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಇಷ್ಟು ದಿನ ಅವನು ಅಭ್ಯಾಸ ಮಾಡಿದ್ದು ಖಾಲಿ ಬಸ್ಸು ಓಡಿಸುವುದನ್ನು. ಅದು ಅವನಿಗೆ ಮೊದಲೇ ಬರುತ್ತಿತ್ತು.

ನೀಲಗಂಗಾ ಎದ್ದಳು. ಅಂಗಡಿಯಲ್ಲಿದ್ದ ಕುರ್ಚಿಗಳನ್ನೆಲ್ಲ ತಂದು ಚನ್ನವೀರಪ್ಪನ ಬೆನ್ನ ಹಿಂದೆ ಎರಡೆರಡಾಗಿ ಸಾಲಾಗಿಟ್ಟಳು. ಮೊದಲ ಕುರ್ಚಿಯಲ್ಲಿ ದಾವಲಸಾಬರು ಕುಳಿತರು. ಪ್ರಿಂಟರ್ ರಿಪೇರಿಗೆ ಬಂದಿದ್ದ ವಕೀಲರು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಪಕ್ಕದ ಟೇಲರ್ ಅಂಗಡಿಯ ಹಸೀನಾಬಿ ತನ್ನ ಇಬ್ಬರು ಕೆಲಸದವರೊಂದಿಗೆ ಬಂದು ಕಿಟಕಿಯ ಕಡೆಯ ಸೀಟು ಬೇಕೆಂದು ತಕರಾರು ಮಾಡಿದಳು. ಕೊನೆಯ ಕುರ್ಚಿ ನೀಲಗಂಗಾಳದು.

"ಹೋಗೋಣ್ರಿ ಡ್ರೈವರ್ ಸಾಹೇಬ್ರ," ಎಂದರು ವಕೀಲರು. ಆಮೇಲೆ ಯಾರೂ ಮಾತಾಡಲಿಲ್ಲ.

ಮೊದಲ ತಿರುವಿನಲ್ಲಿ ಚನ್ನವೀರಪ್ಪನ ಕಾಲು ಬ್ರೇಕ್ ಒತ್ತಿತು. ಬಸ್ಸು ನಿಂತಿತು. ಈ ಸಲ ತಪ್ಪು ಕಾರ್ಡಿನದಾಗಲಿ ಗ್ರಾಫಿಕ್ಸ್ ಡ್ರೈವರಿನದಾಗಲಿ ಅಲ್ಲ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಹಿಂದೆ ಕುಳಿತವರಿಗೆಲ್ಲ ಕಾಣುತ್ತಿತ್ತು. ಯಾರೂ ಧೈರ್ಯ ಹೇಳಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಬಸ್ಸು ನಿಧಾನವಾಯಿತು, ನಿಲ್ಲಲಿಲ್ಲ. ಅಂದು ಸಂಜೆಯವರೆಗೆ, ಮರುದಿನ ಅಂಗಡಿಗೆ ರಜೆಯಿದ್ದರೂ ಮಧ್ಯಾಹ್ನದವರೆಗೆ, ಆ ಬಸ್ಸು ಮಂದಿಯನ್ನು ಹೊತ್ತು ಓಡಿತು. ಕುರ್ಚಿಗಳು ಖಾಲಿಯಾದಾಗ ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿದರು. ಹಸೀನಾಬಿ ಒಮ್ಮೆ ನಿದ್ದೆ ಹೋದಳು. ಅವಳ ಗೊರಕೆ ಕೇಳಿ ಚನ್ನವೀರಪ್ಪ ಆರು ತಿಂಗಳಲ್ಲಿ ಮೊದಲ ಸಲ ನಕ್ಕ. ಚಾಲಕನನ್ನು ನಂಬಿದವರು ಮಾತ್ರ ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಡಿಪೋದಲ್ಲಿ ಮೂವರು ಅಧಿಕಾರಿಗಳು ಬಸ್ ಹತ್ತಿ ಅವನ ಹಿಂದೆ ಕುಳಿತರು. ಊರಾಚೆಯ ತಿರುವಿಗೆ ಬಂದಾಗ ಮೂವರೂ ಮಾತು ನಿಲ್ಲಿಸಿದರು. ಬಸ್ಸಿನೊಳಗೆ ಎಂಜಿನ್ ಸದ್ದೊಂದೇ ಉಳಿಯಿತು. ಚನ್ನವೀರಪ್ಪ ಗೇರು ಇಳಿಸಿದ, ಸ್ಟಿಯರಿಂಗ್ ತಿರುಗಿಸಿದ, ತಿರುವು ದಾಟಿದ. ದಾಟಿದ ಮೇಲೆ ಅವನೇ ಹಿಂದಿದ್ದವರಿಗೆ ಕೇಳುವಂತೆ, "ಆರಾಮ ಕುಂತೀರಿಲ್ರಿ?" ಎಂದ.

ನೀತಿ: ಕೆಟ್ಟದ್ದು ಯಂತ್ರವಾಗಲಿ, ನೊಂದದ್ದು ಮನುಷ್ಯನಾಗಲಿ, ಪರಿಹಾರ ಕೊಡುವ ಮೊದಲು ಏನಾಯಿತೆಂದು ಅದನ್ನೇ, ಅವರನ್ನೇ ಕೇಳಿ. ಬೇರೆಯವರಿಗೆ ಹೊಂದಿದ ಉತ್ತರ ಇವರಿಗೂ ಹೊಂದೀತೆಂದು ಅವಸರಪಡಬೇಡಿ. ಕೇಳಿದ ಮೇಲೆ ಪೂರ್ತಿ ಹೇಳುವವರೆಗೆ ಪಕ್ಕದಲ್ಲಿ ಕುಳಿತಿರಿ.